ಒಂದು ಸೊನ್ನೆಯೂ ಎರಡನೆಯ ರುಜುವೂ

ಕನ್ನಡದಲ್ಲಿ ಸೊನ್ನೆ ಎಂಬ ಒಂದೇ ಹೆಸರು ಎರಡು ಗುರುತುಗಳಿಗೆ ಸಲ್ಲುತ್ತದೆ. ಅಕ್ಷರದ ಮಗ್ಗುಲಲ್ಲಿ ಬಂದರೆ ಅದು ಅನುಸ್ವಾರ. ಅಂಕಿಗಳ ಸಾಲಿನಲ್ಲಿ ಬಂದರೆ ಅದು ಶೂನ್ಯ. ಮಡಿ ಎಂದು ಬರೆಯತಕ್ಕಲ್ಲಿ ಒಂದು ಸೊನ್ನೆ ಬಿದ್ದರೆ ಮಂಡಿಯಾಗುವುದೆಂದು ಪಾಠಶಾಲೆಯ ಉಪಾಧ್ಯಾಯರು ನಮಗೆ ಬೆತ್ತ ಹಿಡಿದು ಕಲಿಸಿದ್ದರು. ಲೆಕ್ಕದ ಪಾಠದಲ್ಲಿ ಅವರೇ ಹೇಳಿಕೊಟ್ಟ ಇನ್ನೊಂದು ಸೂತ್ರವೆಂದರೆ, ಅಂಕಿಯ ಎಡಗಡೆಯ ಸೊನ್ನೆಗೆ ಬೆಲೆಯಿಲ್ಲ, ಬಲಗಡೆಯ ಸೊನ್ನೆಗೆ ಹತ್ತರಷ್ಟು ಬೆಲೆ. ಈ ಎರಡನೆಯ ಸೂತ್ರವನ್ನು ಅಕ್ಷರಶಃ ಪಾಲಿಸಿದ ಒಬ್ಬ ವಿಮಾನಚಾಲಕನು, ಉತ್ತರದಿಕ್ಕಿಗೆ ಒಯ್ಯಬೇಕಾಗಿದ್ದ ವಿಮಾನವನ್ನು ಪಡುವಣದಿಕ್ಕಿಗೆ ಒಯ್ದು ಘೋರಾರಣ್ಯದಲ್ಲಿ ಕೆಡವಿದನೆಂದರೆ ವಾಚಕರು ನಂಬಲಾರರು. ಆದರೆ ಇದು ಕಟ್ಟುಕಥೆಯಲ್ಲ.

೧೯೮೯ನೆಯ ಸೆಪ್ಟೆಂಬರ್ ೩ನೆಯ ದಿನ ಭಾನುವಾರ. ಬ್ರೆಜಿಲ್ ದೇಶದ ವಾರಿಗ್ ಎಂಬ ಸಂಸ್ಥೆಗೆ ಸೇರಿದ ೨೫೪ನೆಯ ಸಂಖ್ಯೆಯ ವಿಮಾನವು ಬೆಳಗ್ಗೆ ಸಾವೊ ಪೌಲೊ ನಗರದಿಂದ ಹೊರಟು, ನಮ್ಮ ಕಡೆಯ ಬಸ್ಸುಗಳು ಊರೂರಿಗೆ ನಿಂತು ಹೋಗುವಂತೆ ದಾರಿಯುದ್ದಕ್ಕೂ ಇಳಿದು ಏರುತ್ತ, ಸಂಜೆಯ ಹೊತ್ತಿಗೆ ಮಾರಬಾ ಎಂಬ ಊರನ್ನು ಮುಟ್ಟಿತು. ಅಲ್ಲಿಂದ ಉಳಿದದ್ದು ಒಂದೇ ಒಂದು ನೆಗೆತ. ಕಡೆಯ ನಿಲ್ದಾಣವಾದ ಬೆಲೆಂ ನಗರವು ಅಮೆಜಾನ್ ನದಿ ಸಮುದ್ರ ಸೇರುವ ಸೀಮೆಯಲ್ಲಿ, ಮಾರಬಾಕ್ಕೆ ಉತ್ತರದಲ್ಲಿ ಸುಮಾರು ೪೪೦ ಕಿಲೋಮೀಟರ್ ದೂರದಲ್ಲಿದೆ. ಪ್ರಯಾಣದ ಅವಧಿ ೪೮ ನಿಮಿಷ. ವಿಮಾನವು ಎರಡು ಎಂಜಿನ್ನಿನ ಬೋಯಿಂಗ್ ೭೩೭. ಅದರಲ್ಲಿದ್ದವರು ಚಾಲಕರು ಪರಿಚಾರಿಕೆಯರು ಸೇರಿ ೫೪ ಮಂದಿ.

ಇಲ್ಲಿ ದಿಕ್ಸೂಚಿಯ ಲೆಕ್ಕವನ್ನು ಎರಡು ಮಾತಿನಲ್ಲಿ ಹೇಳುವುದು ಅವಶ್ಯ. ವೃತ್ತವನ್ನು ೩೬೦ ಅಂಶಗಳಾಗಿ ಭಾಗಿಸಿ ಉತ್ತರಕ್ಕೆ ಸೊನ್ನೆ, ಮೂಡಲಿಗೆ ೯೦, ತೆಂಕಲಿಗೆ ೧೮೦, ಪಡುವಲಿಗೆ ೨೭೦ ಎಂದು ನಾವಿಕರೂ ವೈಮಾನಿಕರೂ ಎಣಿಸುತ್ತಾರೆ. ಮಾರಬಾದಿಂದ ಬೆಲೆಂಗೆ ಹೋಗುವವನು ತನ್ನ ಯಂತ್ರವನ್ನು ೨೭ನೆಯ ಅಂಶಕ್ಕೆ, ವೈಮಾನಿಕರ ರೂಢಿಯಂತೆ ಮೂರು ಅಂಕಿಗಳಲ್ಲಿ ಬರೆದರೆ ೦೨೭ಕ್ಕೆ, ತಿರುಗಿಸಿ ನಿಲ್ಲಿಸಿಕೊಳ್ಳಬೇಕು. ಆದರೆ ಸಂಸ್ಥೆಯ ಗಣಕಯಂತ್ರವು ಅಚ್ಚುಹಾಕಿ ಚಾಲಕನ ಕೈಗಿತ್ತ ಮಾರ್ಗಪತ್ರದಲ್ಲಿ ಇದ್ದದ್ದು ಮೂರು ಅಂಕಿಗಳಲ್ಲ, ನಾಲ್ಕು: ೦೨೭೦. ಕೊನೆಯ ಅಂಕಿಯು ದಶಾಂಶ, ಅಂದರೆ ೦೨೭.೦ ಎಂದು ಓದತಕ್ಕದ್ದು. ದಶಾಂಶದ ಚುಕ್ಕೆಯನ್ನು ಮಾತ್ರ ಯಾರೂ ಅಚ್ಚುಹಾಕಿರಲಿಲ್ಲ. ನಾಲ್ಕು ಅಂಕಿಗಳ ಈ ನಮೂನೆಯು ಆ ಸಂಸ್ಥೆಯಲ್ಲಿ ಹೊಸದಾಗಿ ಜಾರಿಗೆ ಬಂದುದಾಗಿತ್ತು. ಅದು ಜಾರಿಗೆ ಬಂದಾಗ ಈ ಕಪ್ತಾನನು ರಜದ ಮೇಲಿದ್ದನು.

ಚಾಲಕನ ಮುಂದಿದ್ದ ಯಂತ್ರದಲ್ಲಿಯಾದರೋ ಮೂರು ಅಂಕಿಗಳಿಗೆ ಮಾತ್ರ ಸ್ಥಳ. ನಾಲ್ಕರಲ್ಲಿ ಒಂದನ್ನು ಬಿಡಲೇಬೇಕು. ಯಾವುದನ್ನು? ಮುಂದಿನ ಸೊನ್ನೆಯನ್ನೋ, ಹಿಂದಿನ ಸೊನ್ನೆಯನ್ನೋ? ಲೆಕ್ಕ ಬಲ್ಲ ಯಾವ ಬಾಲಕನನ್ನು ಕೇಳಿದರೂ ಬೆಲೆಯಿಲ್ಲದ ಮುಂದಿನ ಸೊನ್ನೆಯನ್ನೇ ಬಿಡೆಂದು ಹೇಳಿಯಾನು. ಕಪ್ತಾನನು ಹಾಗೆಯೇ ಮಾಡಿದನು. ಯಂತ್ರವು ೨೭೦ಕ್ಕೆ ನಿಂತಿತು. ಉತ್ತರಕ್ಕೆ ಹೋಗಬೇಕಾದ ವಿಮಾನದ ಮೂತಿ ಪಡುವಲಿಗೆ ತಿರುಗಿತು.

ಇಂತಹ ಪ್ರಮಾದಕ್ಕಾಗಿಯೇ ವಿಮಾನದಲ್ಲಿ ಇಬ್ಬರು ಚಾಲಕರನ್ನು ಕೂರಿಸಿರುವುದು. ಇಬ್ಬರ ಮುಂದೆಯೂ ಒಂದೊಂದು ದಿಕ್ಕಿನ ಯಂತ್ರವಿದೆ. ಇಬ್ಬರೂ ಮಾರ್ಗಪತ್ರವನ್ನು ತಾವು ತಾವೇ ಓದಿಕೊಂಡು ತಮ್ಮ ತಮ್ಮ ಯಂತ್ರವನ್ನು ಹೂಡಿ, ಬಳಿಕ ತಾಳೆ ನೋಡತಕ್ಕದ್ದೆಂಬುದು ಕ್ರಮ. ಆ ಸಂಜೆ ಸಹಚಾಲಕನು ವಿಮಾನದ ಹೊರಮೈಯನ್ನು ಸುತ್ತಿ ಪರೀಕ್ಷಿಸಲು ಕೆಳಗೆ ಹೋಗಿದ್ದನು. ಮರಳಿ ಬಂದು ಆಸನದಲ್ಲಿ ಕುಳಿತವನು ಮಾರ್ಗಪತ್ರವನ್ನು ನೋಡಲಿಲ್ಲ. ಕಪ್ತಾನನ ಯಂತ್ರದ ಕಡೆಗೆ ಕಣ್ಣು ಹಾಯಿಸಿ, ಅಲ್ಲಿದ್ದುದನ್ನೇ ತನ್ನ ಯಂತ್ರದಲ್ಲಿಯೂ ಹೂಡಿದನು. ಈಗ ಎರಡು ಯಂತ್ರಗಳೂ ಒಂದನ್ನೊಂದು ಸಮರ್ಥಿಸಿದವು.

ಕಚೇರಿಗಳನ್ನು ಬಲ್ಲ ನಮ್ಮ ವಾಚಕರಿಗೆ ಈ ಚಿತ್ರವು ಹೊಸತಾಗಿ ಕಾಣದು. ಗುಮಾಸ್ತೆಯು ಲೆಕ್ಕವನ್ನು ಬರೆದು ರುಜು ಮಾಡುತ್ತಾನೆ. ಮೇಲಿನವನು ಲೆಕ್ಕವನ್ನು ನೋಡದೆ ರುಜುವನ್ನು ನೋಡಿ ತನ್ನ ರುಜುವನ್ನು ಹಾಕುತ್ತಾನೆ. ಅವನಿಗೂ ಮೇಲಿನವನು ಎರಡು ರುಜುಗಳಿರುವುದನ್ನು ಕಂಡು ಇನ್ನಷ್ಟು ನಿಶ್ಚಿಂತನಾಗಿ ಮೂರನೆಯದನ್ನು ಹಾಕುತ್ತಾನೆ. ಕಡತದಲ್ಲಿ ಮೂವರ ಸಾಕ್ಷ್ಯವಿದ್ದಂತೆ ತೋರುವುದು. ನಿಜವಾಗಿ ಇರುವುದು ಒಬ್ಬನ ಸಾಕ್ಷ್ಯವೂ ಇಬ್ಬರ ಸೋಮಾರಿತನವೂ. ಪಹಣಿಯಲ್ಲಿ ಅಂಕಿಯೊಂದು ತಪ್ಪಿ ಬಿದ್ದು ಅದನ್ನು ತಿದ್ದಿಸುವುದಕ್ಕಾಗಿ ತಾಲ್ಲೂಕು ಕಚೇರಿಯ ಮೆಟ್ಟಿಲು ಸವೆಸಿದ ರೈತನಿಗೆ ಈ ಮೂರು ರುಜುಗಳ ಮಹಿಮೆ ಚೆನ್ನಾಗಿ ತಿಳಿದಿದೆ. ಮೇಜಿನ ಮೇಲಿನ ತಪ್ಪಿನಿಂದ ಒಬ್ಬ ಬಡವನ ಎರಡು ಗುಂಟೆ ಜಮೀನು ಹೋಗುವುದು. ಆಕಾಶದಲ್ಲಿ ಅದೇ ತಪ್ಪಿನಿಂದ ಪ್ರಾಣವೇ ಹೋಗುವುದು.

ಪುನಃ ಮಾರಬಾಕ್ಕೆ ಬರೋಣ. ವಿಮಾನವು ಮೇಲೇರಿದಾಗ ಹೊತ್ತು ಇಳಿಯುತ್ತಿತ್ತು. ಬೆಲೆಂ ಕಡೆಗೆ ಹೋಗುವ ವಿಮಾನದಲ್ಲಿ ಮುಳುಗುವ ಸೂರ್ಯನು ಎಡಗಡೆಯ ಕಿಟಕಿಗಳಲ್ಲಿ ಕಾಣಬೇಕು. ಅಂದು ಅವನು ಚಾಲಕರ ಎದುರಿಗೇ ಇದ್ದನು. ದಾರಿಯ ಪರಿಚಯವಿದ್ದ ಕೆಲವು ಪ್ರಯಾಣಿಕರಿಗೆ ಇದು ವಿಚಿತ್ರವಾಗಿ ತೋರಿತೆಂದು ಹೇಳುತ್ತಾರೆ. ಚಾಲಕರಿಗೆ ತೋರಲಿಲ್ಲ. ಅದೇ ಸಂಜೆ ರಿಯೊ ನಗರದ ಮಾರಕಾನ ಕ್ರೀಡಾಂಗಣದಲ್ಲಿ ಬ್ರೆಜಿಲ್ ಮತ್ತು ಚಿಲಿ ತಂಡಗಳ ಕಾಲ್ಚೆಂಡಿನ ಪಂದ್ಯ ನಡೆದಿತ್ತು. ಚಾಲಕರ ಕಿವಿ ಅತ್ತ ಕಡೆಗಿತ್ತೆಂದು ಜನರು ಆಡಿಕೊಂಡದ್ದುಂಟು. ಆಡಿಕೊಂಡ ಮಾತಿಗೆ ನಾವು ಬೆಲೆ ಕಟ್ಟುವುದಿಲ್ಲ. ಕಾಲ್ಚೆಂಡಿನ ಪಂದ್ಯವಿಲ್ಲದ ದಿನಗಳಲ್ಲಿಯೂ ಯಂತ್ರದ ಮುಳ್ಳನ್ನು ನಂಬಿದವನಿಗೆ ಸೂರ್ಯನು ಕಾಣುವುದಿಲ್ಲ.

ಹೊತ್ತಾದರೂ ಬೆಲೆಂ ನಗರದ ದೀಪಗಳು ಕಾಣಲಿಲ್ಲ. ಸಮೀಪದ ರೇಡಿಯೋದಲ್ಲಿ ಬೆಲೆಂ ಮಾತನಾಡಲಿಲ್ಲ. ದೂರದ ಅಲೆಗಳಲ್ಲಿ ಮಾತ್ರ ಅದರ ದನಿ ಸಿಕ್ಕಿತು. ಆ ಪ್ರದೇಶದಲ್ಲಿ ಅಂದು ರೇಡಾರಿನ ಕಣ್ಗಾವಲು ಇರಲಿಲ್ಲವಾದ್ದರಿಂದ ನೆಲದ ಮೇಲಿನ ಅಧಿಕಾರಿಗೆ ವಿಮಾನವು ಎಲ್ಲಿದೆಯೆಂಬುದು ಕಾಣುವಂತಿರಲಿಲ್ಲ. ಚಾಲಕನು ಬಂದೆನೆಂದನು, ಇವನು ಇಳಿಯೆಂದನು. ನೂರಾರು ಮೈಲಿ ದೂರದ ಕಾಡಿನ ಮೇಲೆ ಬೆಲೆಂಗೆ ಇಳಿಯುವ ಅಪ್ಪಣೆ ದೊರೆಯಿತು. ಮೂರನೆಯ ರುಜುವೂ ಬಿದ್ದಂತಾಯಿತು.

ಇಲ್ಲಿಂದ ಮುಂದಿನ ಎರಡು ಘಂಟೆಗಳ ವೃತ್ತಾಂತವು, ದಾರಿ ತಪ್ಪಿದವನು ದಾರಿ ತಪ್ಪಿತೆಂದು ಒಪ್ಪಿಕೊಳ್ಳಲಾರದೆ ಹೋಗುವುದರ ವೃತ್ತಾಂತ. ಕೆಳಗೆ ಒಂದು ನದಿ ಕಂಡಿತು. ನದಿಯಿದ್ದಲ್ಲಿ ಊರಿದ್ದೀತೆಂದು ಅದರ ಗುಂಟ ಹಾರಿದರು. ಅದು ಶಿಂಗು ನದಿಯಾಗಿತ್ತು, ಅವರು ಎಣಿಸಿದ ನದಿಯಾಗಿರಲಿಲ್ಲ. ನೆಲದ ರೇಡಿಯೋ ದೀಪಸ್ತಂಭಗಳ ಅಲೆಗಳನ್ನು ಹಿಡಿಯಲು ಯತ್ನಿಸಿದರು. ಅದೇ ಅಲೆಯಲ್ಲಿ ದೂರದ ಬೇರೆ ಊರುಗಳ ಸ್ತಂಭಗಳೂ ನುಡಿಯುತ್ತಿದ್ದವು. ಪ್ರತಿ ಸ್ತಂಭವೂ ತನ್ನ ಹೆಸರನ್ನು ತಂತಿಯ ಸಂಕೇತದಲ್ಲಿ ಸಾರಿ ಹೇಳುತ್ತಿರುತ್ತದೆ. ಅದನ್ನು ಕೇಳಿ ಖಚಿತಪಡಿಸಿಕೊಂಡಿದ್ದರೆ ತಾವು ಹಿಡಿದದ್ದು ಯಾವ ಊರಿನ ಕೈಯನ್ನೆಂದು ಅವರಿಗೆ ತಿಳಿಯುತ್ತಿತ್ತು. ತಮಗೆ ಬೇಕಾದ ಊರೇ ಮಾತನಾಡುತ್ತಿದೆಯೆಂದು ಅವರು ಭಾವಿಸಿದರು. ಮೂಲದ ತಪ್ಪು ಮಾರ್ಗಪತ್ರದಲ್ಲಿ ಕಣ್ಣ ಮುಂದೆಯೇ ಇತ್ತು. ಅದನ್ನು ಮತ್ತೆ ತೆರೆದು ನೋಡಿ ತಿಳಿಯುವ ಹೊತ್ತಿಗೆ ಮರಳಿ ಯಾವುದೊಂದು ನಿಲ್ದಾಣವನ್ನು ಮುಟ್ಟುವಷ್ಟೂ ಇಂಧನ ಉಳಿದಿರಲಿಲ್ಲ.

ರಾತ್ರಿ ಒಂಬತ್ತು ಘಂಟೆಯ ಸುಮಾರಿಗೆ ಒಂದಾದಮೇಲೊಂದು ಎಂಜಿನ್ನು ನಿಂತಿತು. ಚಂದ್ರನಿಲ್ಲದಂತಹ ಆ ಕತ್ತಲೆಯಲ್ಲಿ ಕಪ್ತಾನನು ವಿಮಾನವನ್ನು ಹದ್ದಿನಂತೆ ತೇಲಿಸಿಕೊಂಡು ಮಾತೊ ಗ್ರೊಸ್ಸೊ ಸೀಮೆಯ ಕಾಡಿನ ಮರಗಳ ಮೇಲೆ ಇಳಿಸಿದನು. ಬೆಲೆಂ ಅಲ್ಲಿಗೆ ಸಾವಿರ ಕಿಲೋಮೀಟರಿಗಿಂತಲೂ ಹೆಚ್ಚು ದೂರ. ಹನ್ನೆರಡು ಮಂದಿ ಪ್ರಯಾಣಿಕರು ಸತ್ತರು. ಉಳಿದ ೪೨ ಮಂದಿ, ಚಾಲಕರನ್ನೂ ಒಳಗೊಂಡು, ಬದುಕಿದರು. ದಾರಿ ತಪ್ಪಿಸಿದ ಕೈಯೇ ಕಡೆಯ ನಿಮಿಷದಲ್ಲಿ ಅಷ್ಟು ಜೀವಗಳನ್ನು ಉಳಿಸಿತೆಂಬುದನ್ನೂ ನ್ಯಾಯವಾಗಿ ಹೇಳಬೇಕು. ವಿಮಾನವು ಎಲ್ಲಿ ಬಿದ್ದಿದೆಯೆಂದು ಹುಡುಕುವವರಿಗೆ ತಿಳಿದಿರಲಿಲ್ಲ. ಬದುಕಿದವರಲ್ಲಿ ನಾಲ್ವರು ಕಾಡಿನಲ್ಲಿ ನಡೆದು ಒಂದು ಹೊಲಮನೆಯನ್ನು ಮುಟ್ಟಿದ ಬಳಿಕವೇ, ಎರಡು ದಿನಗಳ ತರುವಾಯ, ಸುದ್ದಿ ಹೊರಬಿದ್ದು ನೆರವು ಬಂದಿತು. ಗಾಯಗೊಂಡು ಬಿದ್ದವರಿಗೆ ಆ ಎರಡು ದಿನಗಳು ಹೇಗೆ ಕಳೆದವೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು.

ಮುಂದೆ ನ್ಯಾಯಾಲಯವು ಕಪ್ತಾನನನ್ನೂ ಸಹಚಾಲಕನನ್ನೂ ಅಪರಾಧಿಗಳೆಂದು ತೀರ್ಮಾನಿಸಿತು. ಅವರು ನಿರಪರಾಧಿಗಳೆಂದು ನಾವು ವಾದಿಸಹೊರಟಿಲ್ಲ. ಐದು ಘಂಟೆಗಳ ದಾರಿಯಲ್ಲ, ಐವತ್ತು ನಿಮಿಷಗಳೂ ಇಲ್ಲದ ದಾರಿ; ಮುಂದೆ ಸೂರ್ಯನಿದ್ದನು; ಬಗಲಲ್ಲಿ ನಕಾಶೆಯಿತ್ತು. ಬೆಲೆಂ ಮಾರಬಾಕ್ಕೆ ಉತ್ತರದಲ್ಲಿದೆಯೆಂಬುದನ್ನು ಆ ದೇಶದ ಶಾಲಾಬಾಲಕನೂ ಬಲ್ಲನು. ಆದರೆ ಇನ್ನೊಂದು ಸಂಗತಿಯಿದೆ. ವೈಮಾನಿಕರ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವು ಆ ಮಾರ್ಗಪತ್ರವನ್ನೇ ಜಗತ್ತಿನ ದೊಡ್ಡ ವಿಮಾನ ಸಂಸ್ಥೆಗಳ ೨೧ ಮಂದಿ ಚಾಲಕರ ಮುಂದೆ ಇಟ್ಟು ಓದಿರೆಂದು ಕೇಳಿತು. ಅವರಲ್ಲಿ ೧೫ ಮಂದಿ ಅದನ್ನು ಕಪ್ತಾನನು ಓದಿದಂತೆಯೇ ಓದಿದರು.

ಇಪ್ಪತ್ತೊಂದರಲ್ಲಿ ಹದಿನೈದು! ಹತ್ತರಲ್ಲಿ ಏಳು ಮಂದಿ ತಪ್ಪಾಗಿ ಓದುವ ಕಾಗದವು ತಪ್ಪು ಕಾಗದವೇ ಹೊರತು ಅದನ್ನು ಓದಿದವರೆಲ್ಲರೂ ತಪ್ಪಿತಸ್ಥರಲ್ಲ. ಆ ನಮೂನೆಯನ್ನು ಬದಲಾಯಿಸಿದವರು ಯಾರು? ಚುಕ್ಕೆಯ ಅವಶ್ಯಕತೆಯಿಲ್ಲವೆಂದು ನಿರ್ಧರಿಸಿದವರು ಯಾರು? ರಜದಿಂದ ಮರಳಿದ ಚಾಲಕನಿಗೆ ಹೊಸ ಕ್ರಮವು ಮನದಟ್ಟಾಯಿತೇ ಎಂದು ನೋಡದೆ ಅವನನ್ನು ಕೆಲಸಕ್ಕೆ ಕಳುಹಿಸಿದವರು ಯಾರು? ಅವರು ನ್ಯಾಯಸ್ಥಾನದ ಕಟಕಟೆಯಲ್ಲಿ ನಿಲ್ಲಲಿಲ್ಲ. ಚುಕ್ಕಾಣಿಯ ಮೇಲೆ ಯಾರ ಕೈಯಿತ್ತೋ ಅವರು ಮಾತ್ರ ನಿಂತರು. ಆ ಸಂಸ್ಥೆಯೂ ಇಂದು ಉಳಿದಿಲ್ಲ. ಕೆಲವು ವರ್ಷಗಳ ಹಿಂದೆಯೇ ದಿವಾಳಿಯಾಗಿ ಮಾರಾಟವಾಯಿತು.

ನಮ್ಮ ಹಳೆಯ ಕಾಲದ ಸಾಹುಕಾರರು ಹುಂಡಿಯಲ್ಲಿಯೂ ಸಾಲಪತ್ರದಲ್ಲಿಯೂ ಮೊಬಲಗನ್ನು ಅಂಕಿಯಲ್ಲಿ ಬರೆದು, ಪಕ್ಕದಲ್ಲಿ ಅಕ್ಷರದಲ್ಲಿಯೂ ಬರೆಯುತ್ತಿದ್ದರು. ಇಂದಿಗೂ ಬ್ಯಾಂಕಿನ ಚೆಕ್ಕಿನಲ್ಲಿ ಆ ಪದ್ಧತಿ ಉಳಿದಿದೆ. ಅಂಕಿ ಮೋಸ ಮಾಡಬಲ್ಲದು. ಇಪ್ಪತ್ತೇಳು ಎಂದು ಬರೆದದ್ದನ್ನು ಇನ್ನೂರ ಎಪ್ಪತ್ತೆಂದು ಯಾರೂ ಓದಲಾರರು. ನೂರು ರೂಪಾಯಿಗೆ ಇಷ್ಟು ಜಾಗರೂಕತೆ ವಹಿಸಿದ ಲೋಕವು ಐವತ್ತು ಜೀವಗಳಿಗೆ ಒಂದು ಚುಕ್ಕೆಯ ಮಸಿಯನ್ನು ಉಳಿತಾಯ ಮಾಡಿತು.

ಇವೆಲ್ಲವೂ ಹಳೆಯ ಯಂತ್ರಗಳ ಕಾಲದ ಮಾತು, ಈಗಿನ ವಿಮಾನಗಳು ಉಪಗ್ರಹಗಳ ನೆರವಿನಿಂದ ತಮ್ಮ ನೆಲೆಯನ್ನು ತಾವೇ ಕಂಡುಕೊಳ್ಳುತ್ತವೆ, ಇನ್ನು ಇಂತಹ ಭಯವಿಲ್ಲ ಎಂದು ಕೆಲವರು ಹೇಳಬಹುದು. ಅವರು ೨೦೧೫ನೆಯ ಮಾರ್ಚ್ ೧೦ನೆಯ ದಿನ ಆಸ್ಟ್ರೇಲಿಯದ ಸಿಡ್ನಿ ನಗರದಲ್ಲಿ ನಡೆದುದನ್ನು ಕೇಳಬೇಕು. ಏರ್‌ಏಷ್ಯಾ ಎಕ್ಸ್ ಸಂಸ್ಥೆಯ ಏರ್‌ಬಸ್ ವಿಮಾನವೊಂದು ಕೌಲಾಲಂಪುರಕ್ಕೆ ಹೊರಡಲು ಸಿದ್ಧವಾಗಿತ್ತು. ಹೊರಡುವ ಮುನ್ನ, ವಿಮಾನವು ಭೂಮಿಯ ಮೇಲೆ ಎಲ್ಲಿ ನಿಂತಿದೆಯೆಂಬುದನ್ನು ಅದರ ಯಂತ್ರಕ್ಕೆ ಅಂಕಿಗಳಲ್ಲಿ ತಿಳಿಸಬೇಕಾಗಿತ್ತು. ಪೂರ್ವ ರೇಖಾಂಶ ೧೫೧ ಅಂಶ ೯.೮ ಕಲೆಗಳೆಂದು ಒತ್ತಬೇಕಾದಲ್ಲಿ ೧೫ ಅಂಶ ೧೯.೮ ಕಲೆಗಳೆಂದು ಬಿದ್ದಿತು. ಅಂಕಿಗಳು ಬಹುಮಟ್ಟಿಗೆ ಅವೇ. ಸ್ಥಾನ ಮಾತ್ರ ಪಲ್ಲಟವಾಗಿದೆ. ಸಿಡ್ನಿಯಲ್ಲಿ ನಿಂತ ವಿಮಾನವು ತಾನು ಆಫ್ರಿಕ ಖಂಡದ ದಕ್ಷಿಣ ತುದಿಯ ಬಳಿ ಇರುವೆನೆಂದು ನಂಬಿತು. ತಪ್ಪಿನ ಅಳತೆ ೧೧,೦೦೦ ಕಿಲೋಮೀಟರಿಗೂ ಮೇಲು.

ಈ ಪ್ರಸಂಗದಲ್ಲಿಯೂ ಒಂದು ಸಾಮ್ಯವನ್ನು ವಾಚಕರು ಗಮನಿಸಬೇಕು. ಹೊರಮೈಯ ಪರೀಕ್ಷೆಯು ಸಾಧಾರಣವಾಗಿ ಕಪ್ತಾನನ ಪಾಲಿನ ಕೆಲಸ. ಅಂದು ಕಿವಿಗೆ ಹಾಕಿಕೊಳ್ಳುವ ರಕ್ಷಣೆಯು ಅವನಿಗೆ ಸಿಗಲಿಲ್ಲವಾದ್ದರಿಂದ ಸಹಚಾಲಕನು ಅದಕ್ಕೆ ಹೋದನು. ಸಹಚಾಲಕನು ಒತ್ತಬೇಕಾಗಿದ್ದ ಅಂಕಿಗಳನ್ನು ಕಪ್ತಾನನು ಒತ್ತಿದನು. ಮಾರಬಾದಲ್ಲಿ ಆದಂತೆಯೇ, ಒಬ್ಬನು ಕೆಳಗಿದ್ದಾಗ ಇನ್ನೊಬ್ಬನು ಒಂಟಿಯಾಗಿ ಹೂಡಿದನು. ಮರಳಿ ಬಂದವನ ಕಣ್ಣಿಗೆ ತಪ್ಪು ಬೀಳಲಿಲ್ಲ. ಯಂತ್ರವು ಮಧ್ಯೆ ಮಧ್ಯೆ ಎಚ್ಚರಿಕೆಯ ಸೂಚನೆಗಳನ್ನು ಕೊಡದೆ ಇರಲಿಲ್ಲ. ಅವುಗಳ ಅರ್ಥವನ್ನು ಇಬ್ಬರೂ ವಿಚಾರಿಸಲಿಲ್ಲ. ವಿಮಾನವು ಮೇಲೇರಿ ತಾನಾಗಿ ನಡೆಯತೊಡಗಿದ ಕೂಡಲೇ ಎಡಕ್ಕೆ ಹೊರಳಿ, ಪಕ್ಕದ ಓಡುದಾರಿಯಿಂದ ಏರುವ ವಿಮಾನಗಳ ಹಾದಿಯನ್ನು ಅಡ್ಡಹಾಯ್ದು ಹೋಯಿತು. ದೈವವಶಾತ್ ಆ ಕ್ಷಣದಲ್ಲಿ ಅಲ್ಲಿ ಇನ್ನೊಂದು ವಿಮಾನವಿರಲಿಲ್ಲ. ನೆಲದ ಅಧಿಕಾರಿಗಳು ರೇಡಾರಿನಲ್ಲಿ ಕಂಡು ಕೈಹಿಡಿದು ನಡೆಸಿದರು. ಸಿಡ್ನಿಯಲ್ಲಿ ಮೋಡ ಕವಿದುದರಿಂದ ಮೆಲ್ಬರ್ನಿನಲ್ಲಿ ಇಳಿಸಬೇಕಾಯಿತು. ಬ್ರೆಜಿಲಿನಲ್ಲಿ ಇಲ್ಲದ ರೇಡಾರು ಇಲ್ಲಿ ಇತ್ತು. ಅದೊಂದೇ ವ್ಯತ್ಯಾಸ.

ಹಾಗಾದರೆ ಯಂತ್ರವನ್ನು ಬಿಟ್ಟು ಕಣ್ಣನ್ನೇ ನಂಬಬೇಕೆನ್ನೋಣವೇ? ಅದಕ್ಕೂ ನಮ್ಮ ಧೈರ್ಯ ಸಾಲದು. ಮುಂಬಯಿಯಲ್ಲಿ ಸಾಂತಾಕ್ರೂಜದ ದೊಡ್ಡ ನಿಲ್ದಾಣಕ್ಕೆ ಸಮೀಪದಲ್ಲಿಯೇ ಜುಹೂ ಎಂಬ ಚಿಕ್ಕ ಹಳೆಯ ನಿಲ್ದಾಣವಿದೆ. ೧೯೫೩ರಲ್ಲಿ ಬ್ರಿಟಿಷ್ ಸಂಸ್ಥೆಯ ಒಂದು ಕಾಮೆಟ್ ವಿಮಾನವು ಸಾಂತಾಕ್ರೂಜವೆಂದು ತಿಳಿದು ಜುಹೂವಿನಲ್ಲಿ ಇಳಿಯಿತು. ೧೯೭೨ರಲ್ಲಿ ಜಪಾನಿನ ಡಿಸಿ-೮ ವಿಮಾನವು ಅದೇ ತಪ್ಪನ್ನು ಮಾಡಿ, ಗಿಡ್ಡ ಓಡುದಾರಿಯನ್ನು ದಾಟಿ ಮುಂದೆ ನುಗ್ಗಿ ಮುರಿದುಬಿದ್ದಿತು. ಪುಣ್ಯವಶಾತ್ ಯಾರೂ ಸಾಯಲಿಲ್ಲ. ಈ ಚಾಲಕರು ಕಿಟಕಿಯಿಂದ ಹೊರಗೆ ನೋಡಿಯೇ ಇದ್ದರು, ಓಡುದಾರಿ ಕಂಡಿತು, ತಮಗೆ ಬೇಕಾದುದೇ ಕಂಡಿತೆಂದು ಇಳಿಸಿದರು. ಕಣ್ಣನ್ನು ಯಂತ್ರದೊಡನೆ ತಾಳೆ ನೋಡದ ತಪ್ಪು ಇಲ್ಲಿಯದು. ಯಂತ್ರವನ್ನು ಕಣ್ಣಿನೊಡನೆ ತಾಳೆ ನೋಡದ ತಪ್ಪು ಅಲ್ಲಿಯದು.

ತಾಳೆ ನೋಡುವವನು ಇದ್ದು, ತಪ್ಪನ್ನು ಕಂಡು, ಬಾಯಿಬಿಟ್ಟು ಹೇಳಿದರೂ ಸಾಲದೆ ಹೋಗುವುದುಂಟು. ಅದಕ್ಕೆ ದೂರದ ಉದಾಹರಣೆ ಬೇಕಾಗಿಲ್ಲ. ೨೦೧೦ನೆಯ ಮೇ ೨೨ನೆಯ ದಿನದ ಬೆಳಗು ಕನ್ನಡ ನಾಡು ಮರೆಯುವಂತಹದಲ್ಲ. ದುಬೈಯಿಂದ ಬಂದ ಏರ್ ಇಂಡಿಯ ಎಕ್ಸ್‌ಪ್ರೆಸ್ ವಿಮಾನವು ಮಂಗಳೂರಿನ ಬಜಪೆಯ ಗುಡ್ಡದ ಮೇಲಿನ ಓಡುದಾರಿಯನ್ನು ಮೀರಿ ಕಣಿವೆಗೆ ಉರುಳಿ, ೧೬೬ ಮಂದಿಯಲ್ಲಿ ೧೫೮ ಮಂದಿ ದಗ್ಧರಾದರು. ಕೊಲ್ಲಿಯ ದೇಶಗಳಲ್ಲಿ ದುಡಿದು ಊರಿಗೆ ಮರಳುತ್ತಿದ್ದವರೂ ಅವರ ಮಡದಿಮಕ್ಕಳೂ ಅದರಲ್ಲಿದ್ದರು. ಇದು ದಾರಿ ತಪ್ಪಿದ ಪ್ರಸಂಗವಲ್ಲ. ವಿಮಾನವು ಸರಿಯಾದ ಊರಿಗೇ ಬಂದಿತ್ತು, ಆದರೆ ಇಳಿಯಬೇಕಾದುದಕ್ಕಿಂತ ಬಹಳ ಎತ್ತರದಲ್ಲಿ ಬಂದಿತ್ತು. ಮಂಗಳೂರಿನ ರೇಡಾರು ಆಗ ಕೆಟ್ಟುನಿಂತಿತ್ತು. ಕಪ್ತಾನನು ದಾರಿಯ ಬಹುಭಾಗ ನಿದ್ರೆಯಲ್ಲಿದ್ದನು. ತಪ್ಪನ್ನು ಸಹಚಾಲಕನು ಕಂಡನು. ಇಳಿಸಬೇಡಿ, ಮೇಲೆತ್ತಿ ಸುತ್ತಿ ಬನ್ನಿ ಎಂಬರ್ಥದ ಕರೆಯನ್ನು ಅವನು ಮೂರು ಸಲ ಕೊಟ್ಟನೆಂದು ವಿಚಾರಣಾ ಮಂಡಲಿಯು ತನ್ನ ವರದಿಯಲ್ಲಿ ದಾಖಲಿಸಿದೆ. ಕಪ್ತಾನನು ಕೇಳಲಿಲ್ಲ. ಸಹಚಾಲಕನು ಕಪ್ತಾನನ ಕೈಯಿಂದ ಚುಕ್ಕಾಣಿಯನ್ನು ಕಿತ್ತುಕೊಳ್ಳಲೂ ಇಲ್ಲ.

ಹಿರಿಯರ ಮಾತಿಗೆ ಎದುರಾಡಬಾರದೆಂಬುದು ನಮ್ಮ ಮನೆಗಳಲ್ಲಿ ಸದ್ಗುಣವೆನಿಸಿದೆ. ನಾವೂ ಹಾಗೆಯೇ ಬೆಳೆದವರು. ಕಚೇರಿಯಲ್ಲಿ ಅದು ಅಭ್ಯಾಸವಾಗಿ, ಅಭ್ಯಾಸವು ಬಡ್ತಿಗೆ ದಾರಿಯಾಗಿ, ಮೇಲಧಿಕಾರಿಯ ತಪ್ಪನ್ನು ಕಂಡವನು ಕಾಣದವನಂತೆ ಕುಳಿತಿರುವುದೇ ಜಾಣತನವೆನಿಸಿದೆ. ವಿಮಾನದ ಮೂತಿಯಲ್ಲಿನ ಆ ಪುಟ್ಟ ಕೋಣೆಯಲ್ಲಿ ಈ ಜಾಣತನಕ್ಕೆ ಸ್ಥಳವಿಲ್ಲ. ಸಹಚಾಲಕನು ಕಪ್ತಾನನ ಶಿಷ್ಯನಲ್ಲ; ಅವನ ಮೇಲಿನ ತನಿಖೆಯವನು. ಮೂರು ಸಲ ಹೇಳಿದವನಿಗೆ ನಾಲ್ಕನೆಯ ಸಲ ಕೈಹಾಕುವ ಅಧಿಕಾರವಿದೆಯೆಂಬುದನ್ನು ಕಾಗದದಲ್ಲಿ ಬರೆದರೆ ಸಾಲದು; ಹಾಗೆ ಕೈಹಾಕಿದವನ ನೌಕರಿ ಉಳಿಯುವುದೆಂಬ ನಂಬಿಕೆಯನ್ನು ಸಂಸ್ಥೆಗಳು ಹುಟ್ಟಿಸಬೇಕು.

ಈ ವಿಷಯವನ್ನು ಇಷ್ಟು ವಿಸ್ತರಿಸುವುದಕ್ಕೆ ಪ್ರಕೃತ ಕಾರಣವುಂಟು. ವಿಮಾನವು ಈಗ ಧನಿಕರ ವಿಲಾಸವಾಗಿ ಉಳಿದಿಲ್ಲ. ೨೦೧೯ರಲ್ಲಿ ಕಲಬುರಗಿಗೂ ೨೦೨೩ರಲ್ಲಿ ಶಿವಮೊಗ್ಗೆಗೂ ನಿಲ್ದಾಣಗಳಾದವು. ಹುಬ್ಬಳ್ಳಿ ಬೆಳಗಾವಿಗಳ ವರ್ತಕರು ಬೆಳಗ್ಗೆ ಹೋಗಿ ರಾತ್ರಿ ಮರಳುತ್ತಾರೆ. ಉಪಗ್ರಹಗಳ ಮಾರ್ಗದರ್ಶನವನ್ನು ನಿಖರಗೊಳಿಸುವುದಕ್ಕಾಗಿ ಇಸ್ರೋ ಸಂಸ್ಥೆಯೂ ವಿಮಾನ ನಿಲ್ದಾಣಗಳ ಪ್ರಾಧಿಕಾರವೂ ಕೂಡಿ ‘ಗಗನ್’ ಎಂಬ ವ್ಯವಸ್ಥೆಯನ್ನು ಕಟ್ಟಿವೆ. ಅದರ ನಿಯಂತ್ರಣ ಕೇಂದ್ರವು ನಮ್ಮ ಬೆಂಗಳೂರಿನಲ್ಲಿಯೇ ಇದೆಯೆಂಬುದು ಹೆಮ್ಮೆಯ ಮಾತು. ಆದರೆ ಉಪಗ್ರಹದ ದನಿಯನ್ನು ಅನುಕರಿಸಿ ವಿಮಾನಕ್ಕೆ ಸುಳ್ಳು ನೆಲೆಯನ್ನು ಹೇಳಿಕೊಡುವ ವಿದ್ಯೆಯೂ ಲೋಕದಲ್ಲಿ ಹುಟ್ಟಿದೆ. ೨೦೨೩ರ ನವೆಂಬರಿನಿಂದ ೨೦೨೫ರ ಫೆಬ್ರವರಿಯ ವರೆಗೆ ನಮ್ಮ ಗಡಿ ಪ್ರದೇಶದಲ್ಲಿ, ಅದರಲ್ಲಿಯೂ ಅಮೃತಸರ ಮತ್ತು ಜಮ್ಮು ಸೀಮೆಗಳಲ್ಲಿ, ಇಂತಹ ಅಡ್ಡಿಯ ೪೬೫ ಪ್ರಸಂಗಗಳು ವರದಿಯಾದವೆಂದು ಸರಕಾರವೇ ಲೋಕಸಭೆಗೆ ತಿಳಿಸಿದೆ. ಕಪ್ತಾನನು ತಪ್ಪು ಅಂಕಿಯನ್ನು ಒತ್ತಿದರೆ ಹಿಡಿಯುವುದಕ್ಕೆ ಯಂತ್ರವಿದೆ ಎನ್ನುತ್ತಿದ್ದೆವು. ಯಂತ್ರಕ್ಕೇ ತಪ್ಪು ಅಂಕಿಯನ್ನು ಹೊರಗಿನವನು ಒತ್ತಿದಾಗ ಹಿಡಿಯುವುದಕ್ಕೆ ಇಬ್ಬರು ಮನುಷ್ಯರೇ ಉಳಿಯುತ್ತಾರೆ. ಅವರಲ್ಲಿ ಒಬ್ಬನು ಇನ್ನೊಬ್ಬನ ಯಂತ್ರವನ್ನು ನೋಡಿ ನಕಲು ಮಾಡುವವನಾದರೆ ಒಬ್ಬನೇ ಉಳಿಯುತ್ತಾನೆ.

ಅಪಘಾತದ ತನಿಖೆಯ ಉದ್ದೇಶವು ಯಾರ ಮೇಲಾದರೂ ದೋಷ ಹೊರಿಸುವುದಲ್ಲ, ಮುಂದೆ ಅಂತಹುದು ನಡೆಯದಂತೆ ಮಾಡುವುದು ಎಂದು ಅಂತರರಾಷ್ಟ್ರೀಯ ಒಡಂಬಡಿಕೆಯೂ ನಮ್ಮ ದೇಶದ ೨೦೧೭ರ ನಿಯಮಗಳೂ ಸಾರುತ್ತವೆ. ಆದರೂ ವಿಮಾನವೊಂದು ಬಿದ್ದ ಮರುದಿನವೇ ಸತ್ತ ಚಾಲಕನ ಹೆಸರು ಬೀದಿಯ ಮಾತಾಗುವುದನ್ನು ನಾವು ಕಂಡಿದ್ದೇವೆ. ಪತ್ರಿಕೆಗಳವರಾದ ನಾವೂ ಅದರಲ್ಲಿ ನಿರ್ದೋಷಿಗಳಲ್ಲ. ಚಾಲಕನ ಕೈಗೆ ಕೊಟ್ಟ ಕಾಗದವು ಹೇಗಿತ್ತು, ಅದರ ನಮೂನೆ ಎಂದು ಬದಲಾಯಿತು, ಬದಲಾಯಿಸಿದ ಸುತ್ತೋಲೆಯ ಕೆಳಗೆ ಯಾರ ರುಜುವಿತ್ತು, ಅದನ್ನು ಓದಿ ತಿಳಿದುದಕ್ಕೆ ಚಾಲಕನ ರುಜುವನ್ನು ಪಡೆದರೇ, ಎಂಬ ಪ್ರಶ್ನೆಗಳು ಮೂರು ವರ್ಷಗಳ ತರುವಾಯ ವರದಿಯ ಅನುಬಂಧದಲ್ಲಿ ಬರುವುದುಂಟು, ಬಾರದಿರುವುದೂ ಉಂಟು.

ನಮ್ಮ ವಿಮಾನ ಸಂಸ್ಥೆಗಳಲ್ಲಿ ಈಗ ಕಾಗದದ ಬದಲಿಗೆ ಗಾಜಿನ ಫಲಕದ ಮೇಲೆ ಮಾರ್ಗಪತ್ರ ಬರುತ್ತಿದೆ. ಅದರ ನಮೂನೆಯನ್ನು ಬದಲಾಯಿಸುವಾಗಲೆಲ್ಲ, ಜಾರಿಗೆ ತರುವ ಮುನ್ನ, ಅದನ್ನು ಎಂದೂ ನೋಡಿರದ ಇಪ್ಪತ್ತು ಮಂದಿ ಚಾಲಕರ ಮುಂದೆ ಇಟ್ಟು ಓದಿಸಿ, ಎಷ್ಟು ಮಂದಿ ತಪ್ಪಿದರೆಂಬುದನ್ನು ದಾಖಲೆ ಮಾಡತಕ್ಕದ್ದೆಂದು ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯವು ವಿಧಿಸಬಾರದೇಕೆ? ಬ್ರೆಜಿಲಿನ ಕಾಗದವನ್ನು ಇಪ್ಪತ್ತೊಂದು ಮಂದಿಗೆ ಓದಿಸಿದ್ದು ಹನ್ನೆರಡು ಮಂದಿ ಸತ್ತ ಮೇಲೆ. ಮೊದಲೇ ಓದಿಸಲು ತಗಲುತ್ತಿದ್ದ ವೆಚ್ಚವು ಒಂದು ಮಧ್ಯಾಹ್ನದ ಹೊತ್ತು. ಈ ಸೂಚನೆಯ ವಿಷಯದಲ್ಲಿ ಸಂಬಂಧಪಟ್ಟ ಅಧಿಕಾರಿಗಳು ಏನು ಹೇಳುವರೆಂಬುದನ್ನು ನಾವು ತಿಳಿಯಬಯಸುತ್ತೇವೆ. ಅವರ ಉತ್ತರವು ಬಂದಲ್ಲಿ ಇದೇ ಪುಟದಲ್ಲಿ ಪ್ರಕಟಿಸುವೆವು.